ಕಂಟ್ರೋಲರ್ ಕಿತ್ತ ಊರುಗಳು

ಬಸ್ ನಿಲ್ದಾಣದ ನಡುವೆ, ನಾಲ್ಕೂ ಕಡೆ ಗಾಜು ಹಾಕಿದ ಒಂದು ಗೂಡಿನಲ್ಲಿ ಕಂಟ್ರೋಲರ್ ಕೂರುತ್ತಿದ್ದರು. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಹೇಳುವುದು ಅವರ ಕೆಲಸ. ಕೊರಳಲ್ಲಿ ಸೀಟಿ, ಮುಂದೆ ಮೈಕು. ತಡವಾಗಿ ಬಂದ ಡ್ರೈವರನ್ನು ಅವರು ಎಂದೂ ಬೈದವರಲ್ಲ. "ಬಾಪ್ಪ, ಕೂತ್ಕೊ, ನೀರು ಕುಡಿ" ಎನ್ನುತ್ತಿದ್ದರು. ಅವನು ನೀರು ಕುಡಿಯುತ್ತಿರುವಾಗಲೇ ಅವನ ಮುಂದಿನ ಟ್ರಿಪ್ ರದ್ದಾದ ಸುದ್ದಿ ಮೈಕಿನಲ್ಲಿ ಇಡೀ ನಿಲ್ದಾಣಕ್ಕೆ ಕೇಳಿಸುತ್ತಿತ್ತು. ಇನ್ನೊಬ್ಬ ಡ್ರೈವರನ ತಪ್ಪನ್ನು ತಂದು ಹೇಳಿದರೆ ಕಳೆದುಕೊಂಡ ಟ್ರಿಪ್ ವಾಪಸ್ ಸಿಗುತ್ತಿತ್ತು. ಡ್ರೈವರುಗಳು ಅವರಿಗೆ 'ಕತ್ತರಿ' ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. ಇಟ್ಟವರು ಯಾರು ಎಂದು ಮಾತ್ರ ವಿಚಾರಿಸಿಕೊಂಡರು.

ನಿವೃತ್ತಿ ಹತ್ತಿರ ಬಂದಾಗ ಅವರು ಮನೆಗೆ ಒಂದು ದೊಡ್ಡ ಭೂಪಟ ತಂದು, ನಡುಮನೆಯಲ್ಲಿ ಟೀವಿಯ ಮೇಲಿನ ಗೋಡೆಗೆ ಅಂಟಿಸಿದರು. ಒಂದು ತುದಿಯಲ್ಲಿ ಬೆಳಗಾಗುವಾಗ ಇನ್ನೊಂದು ತುದಿಯಲ್ಲಿ ದೀಪ ಹಚ್ಚುವಷ್ಟು ಅಗಲವಾದ, ದೂರದ ಒಂದು ದೇಶದ ಭೂಪಟ ಅದು. ನಿವೃತ್ತಿಯ ಗಂಟು ಕೈಗೆ ಬಂದ ಕೂಡಲೇ ಮನೆಮಂದಿಯೆಲ್ಲ ಆ ದೇಶವನ್ನು ರೈಲಿನಲ್ಲಿ ದಾಟುವುದು, ದಾರಿಯಲ್ಲಿ ಅಲ್ಲಲ್ಲಿ ಇಳಿದು ನೋಡುವುದು ಎಂದು ಅವರು ತೀರ್ಮಾನಿಸಿದ್ದರು. ಜೊತೆಗೆ ಬಣ್ಣದ ತಲೆಯ ಗುಂಡುಪಿನ್ನುಗಳ ಒಂದು ಡಬ್ಬಿಯೂ ಬಂದಿತ್ತು.

"ಒಬ್ಬೊಬ್ಬರು ಒಂದೊಂದು ಊರು ಹೇಳಿ. ಅಲ್ಲಿ ಇಳಿಯೋಣ. ನನ್ನದೇ ನಡೀಬೇಕು ಅನ್ನೋನಲ್ಲ ನಾನು" ಎಂದರು.

ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳು ಒಂದು ಜಲಪಾತದ ಊರಿಗೆ ಹಳದಿ ಪಿನ್ನು ಚುಚ್ಚಿದಳು. ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗ, ಹಳೇ ಕಾರುಗಳ ದೊಡ್ಡ ಸಂಗ್ರಹಾಲಯವಿರುವ ನಗರಕ್ಕೆ ನೀಲಿ ಪಿನ್ನು ಚುಚ್ಚಿದ. ಹೆಂಡತಿ ಸ್ಟೂಲಿನ ಮೇಲೆ ಹತ್ತಿ, ಭೂಪಟದ ಬಲ ಅಂಚಿನಲ್ಲಿ, ರೈಲು ಹಳಿ ಮುಗಿಯುವ ಬಂದರಿಗೆ ಕೆಂಪು ಪಿನ್ನು ಚುಚ್ಚಿದಳು. ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ ಆಕೆಗೆ.

"ನಿಮಗೆ ಯಾವ ಊರಪ್ಪ?" ಎಂದು ಮಗಳು ಕೇಳಿದಳು.

"ನನಗೇನೂ ಬೇಡ. ನೀವು ಖುಷಿಯಾಗಿದ್ರೆ ಸಾಕು."

ಆ ಕೆಂಪು ಪಿನ್ನಿನ ಬಂದರಿನಲ್ಲಿ ಹೆಂಡತಿಯ ತಂಗಿಯಿದ್ದಳು. ಅಮ್ಮ ತೀರಿಹೋದ ಮೇಲೆ ಅಕ್ಕನೇ ತಲೆ ಬಾಚಿ, ಬೈದು, ಬರೆಸಿ ಬೆಳೆಸಿದ ತಂಗಿ. ಮದುವೆಯಾಗಿ ಅಷ್ಟು ದೂರ ಹೋದವಳು ಮೀನು ಹಸನು ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಕ್ಕತಂಗಿಯರು ಮುಖ ನೋಡಿ ವರ್ಷಗಳಾಗಿದ್ದವು. ಈಗ ತಂಗಿಯ ಕಣ್ಣುಗಳ ಹಿಂದೆ ಒಂದು ಗಡ್ಡೆ ಬೆಳೆಯುತ್ತಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು. ಗಡ್ಡೆ ತೆಗೆಯಲೇಬೇಕು, ತೆಗೆದರೆ ಇನ್ನೊಂದು ಕಣ್ಣಿನ ನೋಟವೂ ಹೋಗುತ್ತದೆ, ಕೆಲವು ತಿಂಗಳು ಮುಂದೂಡಿದರೆ ಅಪಾಯವಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು.

"ನಿನ್ನ ಮುಖ ಒಂದ್ಸಲ ನೋಡ್ಕೊಂಡು ಆಮೇಲೆ ಮಾಡಿಸ್ಕೋತೀನಿ ಅಕ್ಕ. ಬೇಗ ಬಾ. ಮುಖಕ್ಕೆ ಸ್ವಲ್ಪ ಪೌಡರ್ ಹಾಕ್ಕೊಂಡು ಬಾ, ಕಡೇ ಸಲ ನೋಡೋದು" ಎಂದು ತಂಗಿ ಫೋನಿನಲ್ಲಿ ನಕ್ಕಿದ್ದಳು.

ಮೊದಲು ಹೋದದ್ದು ನೀಲಿ ಪಿನ್ನು. ಅಂಗಡಿಯಲ್ಲಿ ಗಿರಾಕಿಯಿದ್ದಾನೆಂದು ಮಗ ಅಪ್ಪನ ಫೋನು ಎತ್ತಿರಲಿಲ್ಲ. ಸಂಜೆ ಕಂಟ್ರೋಲರ್ ಭೂಪಟದ ಮುಂದೆ ನಿಂತು, ಬೆಣ್ಣೆಯಿಂದ ಕೂದಲೆಳೆದ ಹಾಗೆ ಆ ಪಿನ್ನನ್ನು ಕಿತ್ತರು. "ಟ್ರಿಪ್ ಕಟ್" ಎಂದರು. ಮಗ ತಮಾಷೆಯೆಂದುಕೊಂಡು ನಕ್ಕ. ಮಾರನೇ ದಿನ ಅವರು ಆ ನಗರ ತಪ್ಪಿಸಿ ಬೇರೆ ರೈಲು ಹುಡುಕಿ, ಅದನ್ನು ಎಲ್ಲರಿಗೂ ಓದಿ ಹೇಳಿದರು. ಆಮೇಲೆ ಯಾರೂ ನಗಲಿಲ್ಲ.

ಗೆಳತಿಯ ಮನೆಯಿಂದ ತಡವಾಗಿ ಬಂದದ್ದಕ್ಕೆ ಹಳದಿ ಪಿನ್ನೂ ಹೋಯಿತು. ಆಗ ಅವರು ನಿಲ್ದಾಣದ ಕಾನೂನನ್ನು ಮನೆಗೂ ತಂದರು: ಇನ್ನೊಬ್ಬರ ತಪ್ಪು ತಂದು ಹೇಳಿದವರಿಗೆ ಅವರ ಊರು ವಾಪಸ್. ಬೇಲಿಯೇ ಎದ್ದು ಹೊಲ ಮೇಯತೊಡಗಿತು. ತಂಗಿ ಯಾರೊಂದಿಗೆ ಸಿನಿಮಾಕ್ಕೆ ಹೋದಳೆಂದು ಅಣ್ಣ ಹೇಳಿದ. ಅಣ್ಣನ ಅಂಗಿಯ ಜೇಬಿನಲ್ಲಿ ಬೀಡಿಯ ವಾಸನೆಯಿದೆಯೆಂದು ತಂಗಿ ಹೇಳಿದಳು. ಊಟದ ಹೊತ್ತಿಗೆ ಕಂಟ್ರೋಲರ್ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಕೈತೊಳೆದು, ಒಂದು ಪಿನ್ನು ಕಿತ್ತು ಇನ್ನೊಂದನ್ನು ಚುಚ್ಚುತ್ತಿದ್ದರು. ಜಲಪಾತದ ಊರು ಹೆಸರು ಓದಲಾಗದಷ್ಟು ತೂತಾಯಿತು.

ಕೆಂಪು ಪಿನ್ನು ಮಾತ್ರ ಅಲ್ಲಾಡಲಿಲ್ಲ. ಹೆಂಡತಿ ತಪ್ಪಿಗೆ ಎಡೆಯೇ ಕೊಡಲಿಲ್ಲ. ಗಂಡನ ಅಂಗಿಯ ಇಸ್ತ್ರಿಯಲ್ಲಿ ಒಂದೂ ನೆರಿಗೆಯಿರಲಿಲ್ಲ, ಕಾಫಿ ಆರುತ್ತಿರಲಿಲ್ಲ, ಕೇಳದೆ ಬಾಯಿ ತೆರೆಯುತ್ತಿರಲಿಲ್ಲ. ತಂಗಿಯೊಂದಿಗೆ ಮಾತಾಡಬೇಕಾದರೆ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆಗೆ ಹೋಗುತ್ತಿದ್ದಳು. ಒಂದು ದಿನ ಅಲ್ಲಿ, ಒದ್ದೆ ಬೆಡ್‌ಶೀಟಿನ ಆಚೆ ಮಗಳು ನಿಂತಿದ್ದಾಳೆಂದು ಆಕೆಗೆ ತಿಳಿಯಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತ ಹೇಳಿದಳು: "ಅಪ್ಪ, ಅಮ್ಮ ಚಿಕ್ಕಮ್ಮನ ಹತ್ರ ಹೇಳ್ತಿದ್ಲು. ಅವರು ಪಿನ್ನು ಕಿತ್ರೂ ನಾನು ರೈಲಿಂದ ಇಳ್ಕೊಂಡು ಬಂದೇ ಬರ್ತೀನಿ ಅಂತ."

ಕಂಟ್ರೋಲರ್ ತುತ್ತು ಅಗಿದು ನುಂಗಿ ಹೆಂಡತಿಯ ಕಡೆ ತಿರುಗಿದರು. "ಹೌದೇನೇ? ಇಳ್ದುಬಿಡ್ತೀಯಾ?"

"ಮಾತಿಗೆ ಅಂದೆ ರೀ."

"ನಾನೂ ಮಾತಿಗೇ ಕೇಳಿದ್ದು. ಸಾರು ಬಡಿಸು."

ಊಟವಾದ ಮೇಲೆ ಹಳದಿ ಪಿನ್ನು ವಾಪಸ್ ಬಂತು. ಕೆಂಪು ಪಿನ್ನನ್ನು ಅವರು ಡಬ್ಬಿಗೆ ಹಾಕಲಿಲ್ಲ. ತಮ್ಮ ಅಂಗಿಯ ಜೇಬಿನ ಅಂಚಿಗೆ ಸಿಕ್ಕಿಸಿಕೊಂಡರು. ದಿನವೂ ಅಂಗಿ ಬದಲಾಯಿಸುವಾಗ ಪಿನ್ನು ಹೊಸ ಅಂಗಿಗೆ ಬರುತ್ತಿತ್ತು. ಕಾಫಿ ಕೊಡುವಾಗ, ಬಡಿಸುವಾಗ, ಶೂ ಒರೆಸಿ ಮುಂದಿಡುವಾಗ ಅದು ಆಕೆಯ ಕಣ್ಣೆದುರಿಗೆ ಇರುತ್ತಿತ್ತು.

ಮದುವೆಯಾದಂದಿನಿಂದ ಏನನ್ನೂ ಕೇಳದಿದ್ದವಳು ಈಗ ಕೇಳಿದಳು. "ಅವಳಿಗೆ ಕಣ್ಣು ಹೋಗುತ್ತೆ ರೀ. ಅದಕ್ಕೆ ಮುಂಚೆ ಒಂದ್ಸಲ."

"ನೋಡೋಣ."

ಬೆಕ್ಕಿಗೆ ಚೆಲ್ಲಾಟ. ವಾರಗಟ್ಟಲೆ ಅವರು ಅಷ್ಟೇ ಹೇಳಿದರು. ಕೊನೆಗೊಂದು ಭಾನುವಾರ ಆಕೆಯನ್ನು ಕರೆದು ಊಟದ ಮೇಜಿನ ಮುಂದೆ ಕೂರಿಸಿದರು. ಪಿನ್ನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಆಕೆಯ ಫೋನು.

"ನಿನ್ನ ತಂಗಿಗೆ ಫೋನ್ ಮಾಡು. ನನಗೆ ಬರೋಕೆ ಇಷ್ಟ ಇಲ್ಲ ಅಂತ ಹೇಳು. ಅವರು ಬಿಡ್ತಿಲ್ಲ ಅಂತ ಅಲ್ಲ. ನಿನಗೇ ಇಷ್ಟ ಇಲ್ಲ ಅಂತ."

"ಯಾಕ್ರೀ ಹಾಗೆ?"

"ಹೆಂಡತಿ ನನ್ನ ಮಾತು ಕೇಳ್ತಾಳೋ, ತಂಗಿ ಮಾತು ಕೇಳ್ತಾಳೋ, ನನಗೂ ಗೊತ್ತಾಗ್ಬೇಕಲ್ಲ. ಹೇಳು. ಹೇಳಿದ ತಕ್ಷಣ ಪಿನ್ನು ಚುಚ್ತೀನಿ. ಕೊಟ್ಟ ಮಾತಿಗೆ ನಾನು ಯಾವತ್ತಾದ್ರೂ ತಪ್ಪಿದೀನಾ?"

ತಪ್ಪಿರಲಿಲ್ಲ. ಅದು ನಿಲ್ದಾಣದಲ್ಲೂ ಎಲ್ಲರಿಗೂ ಗೊತ್ತಿದ್ದ ವಿಷಯ.

ಫೋನಿನ ಸ್ಪೀಕರು ಹಾಕಿದರು. ತಂಗಿಯ ದನಿ ಮೇಜಿನ ಮೇಲೆಲ್ಲ ಹರಡಿತು. "ಈಗ ತಾನೇ ನೆನೆಸ್ಕೊಂಡೆ ಅಕ್ಕ, ನೂರು ವರ್ಷ ನಿಂಗೆ. ಕಿಟಕಿ ಪಕ್ಕದ ಮಂಚ ನಿಂಗೇ ಅಂತ ಖಾಲಿ ಮಾಡ್ಸಿದೀನಿ. ನಿನ್ನ ಗೊರಕೆ ಕೇಳೋಕೆ ಸಮುದ್ರ ಒಂದೇ ಇರೋದು."

"ನಾನು ಬರಲ್ಲ ಕಣೆ. ನನಗೆ ಬರೋಕೆ ಇಷ್ಟ ಇಲ್ಲ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. "ಪಕ್ಕದಲ್ಲಿ ಯಾರಾದ್ರೂ ಇದಾರಾ ಅಕ್ಕ?"

ಕಂಟ್ರೋಲರ್ ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದರು.

"ಇಲ್ಲ. ಒಬ್ಬಳೇ ಇದೀನಿ. ಅಷ್ಟು ದೂರ ನನಗೆ ಬೇಡ ಅನ್ನಿಸ್ತು."

"ಹ್ಞೂಂ. ಸರಿ ಬಿಡು" ಎಂದಳು ತಂಗಿ.

ಅವರು ಎದ್ದು ಹೋಗಿ ಕೆಂಪು ಪಿನ್ನನ್ನು ಬಂದರಿಗೆ ಚುಚ್ಚಿದರು, ಹೆಬ್ಬೆಟ್ಟಿನಿಂದ ಒತ್ತಿ ಗಟ್ಟಿ ಮಾಡಿದರು. ಫೋನನ್ನು ತಮ್ಮ ಕೆಲಸದ ಚೀಲಕ್ಕೆ ಹಾಕಿಕೊಂಡರು. "ಈಗ್ಲೇ ತಿರುಗಿ ಫೋನ್ ಮಾಡಿ ಮಾತು ಬದಲಾಯಿಸ್ಬೇಡ. ಟಿಕೆಟ್ ಕೈಗೆ ಬರ್ಲಿ. ಆಮೇಲೆ ನೀನೇ ಹೇಳು, ಅವಳಿಗೂ ಖುಷಿಯಾಗುತ್ತೆ."

ಆಕೆ ಒಪ್ಪಿದಳು. ತಂಗಿ ಸ್ವಲ್ಪ ದಿನ ಮುನಿಸಿಕೊಳ್ಳುತ್ತಾಳೆ, ಟಿಕೆಟ್ ಬಂತೆಂದರೆ ನಗುತ್ತಾಳೆ ಎಂದುಕೊಂಡಳು. ಚಿಕ್ಕಂದಿನಲ್ಲೂ ಹಾಗೇ ಇದ್ದಳಲ್ಲ. ಪಕ್ಕದ ಮನೆಯ ಫೋನಿನಿಂದ ಒಂದು ಮಾತು ಹೇಳಬಹುದಿತ್ತು. ಆದರೆ ತಮ್ಮ ಮನೆಯಲ್ಲಿ ಈಗ ಗೋಡೆಗೂ ಕಿವಿಯಿತ್ತು, ಆ ಕಿವಿಗೆ ಬೇಕಾದ ಊರೂ ಇತ್ತು. ಪಿನ್ನು ಗೋಡೆಯ ಮೇಲಿದೆ, ಅದು ಅಲ್ಲೇ ಇರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಳು.

ಟಿಕೆಟ್ ಬಂದ ದಿನ ಕಂಟ್ರೋಲರ್ ಫೋನನ್ನು ವಾಪಸ್ ಕೊಟ್ಟರು. "ತಗೋ, ಹೇಳು" ಎಂದರು. ಆಕೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ನಿಂತು ಫೋನು ಮಾಡಿದಳು. ಎತ್ತಿದ್ದು ತಂಗಿಯ ಗಂಡ.

"ಅವಳು ಮಲಗಿದಾಳೆ ಅಕ್ಕಾವ್ರೇ. ಕಟ್ಟು ಇನ್ನೂ ಬಿಚ್ಚಿಲ್ಲ."

"ಏನು ಕಟ್ಟು?"

"ಆಪರೇಷನ್ ಆಯ್ತಲ್ಲ. ಇನ್ನು ಯಾರಿಗೋಸ್ಕರ ಕಾಯೋದು ಅಂತ ಅವಳೇ ಹಟ ಹಿಡಿದ್ಲು. ನೀವು ಬರಲ್ಲ ಅಂದ ವಾರದಲ್ಲೇ ಸೇರಿಸ್ದೆ. ಗಡ್ಡೆ ಪೂರ್ತಿ ಹೋಗಿದೆಯಂತೆ. ಅದೊಂದು ಸಮಾಧಾನ."

ತಂಗಿ ಮಾತಿಗೆ ಸಿಕ್ಕಿದ್ದು ಕಟ್ಟು ಬಿಚ್ಚಿದ ಮೇಲೆ. ಈ ಸಲ ಅಕ್ಕ ಮಾಳಿಗೆಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ, ಯಾರು ಕೇಳಿಸಿಕೊಂಡರೂ ಸರಿಯೆಂದು, ನಡೆದದ್ದನ್ನೆಲ್ಲ ಹೇಳಿದಳು. ಭೂಪಟ, ಬಣ್ಣಗಳು, ಮೇಜು, ಸ್ಪೀಕರು. ತಂಗಿ ಪೂರ್ತಿ ಕೇಳಿಸಿಕೊಂಡಳು.

"ಒಂದು ಗುಂಡುಪಿನ್ನಿಗಾ ಅಕ್ಕ?" ಎಂದಳು ಕೊನೆಗೆ.

ಅಕ್ಕ ಉರಿಯುತ್ತಿದ್ದ ಒಲೆಯನ್ನು ಆರಿಸಿದಳು.

"ಬರಬೇಡ ಅನ್ನಲ್ಲ. ಬಾ. ಒಂದು ದಿನ ಇದ್ದು ಹೋಗು, ಜಾಸ್ತಿ ಇರಬೇಡ. ಗೋಡೆ ಹಿಡ್ಕೊಂಡು ಓಡಾಡೋದು ನನಗಿನ್ನೂ ರೂಢಿಯಾಗಿಲ್ಲ. ನೀನು ನೋಡ್ತಿದೀಯ ಅಂತ ಗೊತ್ತಾದ್ರೆ ಇನ್ನೂ ಎಡವ್ತೀನಿ."

ಅವತ್ತು ಸಂಜೆ ಆಕೆ ಗಂಡನ ಮುಂದೆ ಹೋಗಿ ನಿಂತಳು. "ಆ ಪಿನ್ನು ಕಿತ್ತುಬಿಡಿ."

"ಯಾಕೆ? ಟಿಕೆಟ್ ಆಗಿದೆ. ಕೊಟ್ಟ ಮಾತು ಉಳಿಸ್ಕೊಂಡಿದೀನಿ. ಬೇಕು ಅಂದಾಗ ಬೇಕು, ಬೇಡ ಅಂದಾಗ ಬೇಡ ಅನ್ನೋಕೆ ಇದೇನು ಮಕ್ಕಳಾಟನಾ?"

"ಅವಳಿಗೆ ಕಣ್ಣು ಹೋಯ್ತು."

"ಕೇಳಿದೆ. ಪಾಪ." ಅವರು ಕನ್ನಡಕ ಹಾಕಿಕೊಂಡು ಭೂಪಟದ ಹತ್ತಿರ ಹೋದರು. "ಬಂದರಿಗೆ ಮೂರು ದಿನ ಇಟ್ಟಿದ್ದೆ. ಕಾಣದೋಳಿಗೆ ನೀನು ಮೂರು ದಿನ ಇದ್ರೇನು, ಒಂದು ದಿನ ಇದ್ರೇನು. ಉಳಿದ ಎರಡು ಜಲಪಾತಕ್ಕೆ ಕೊಡೋಣ. ಮಗು ಅಷ್ಟು ಆಸೆಪಟ್ಟಿದೆ."

ಮಗಳು ಸೋಫಾದಲ್ಲಿ ಕೂತಿದ್ದಳು. "ನನಗೆ ಬೇಡಪ್ಪ. ಆ ಎರಡು ದಿನ ಅಮ್ಮಂಗೇ ಇರ್ಲಿ. ನನ್ನ ಊರೇ ತೆಗೆದುಬಿಡಿ."

"ಕೊಟ್ಟಿದ್ದನ್ನ ಬೇಡ ಅನ್ನೋದು ಎದುರುತ್ತರ. ಎದುರುತ್ತರಕ್ಕೆ ಯಾರ ಪಿನ್ನು ಹೋಗ್ಬೇಕು ಅಂತ ನಾನು ಹೇಳ್ತೀನಿ, ನೀನಲ್ಲ."

ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಅವಳ ಕಡೆ ನೋಡದೆ, "ತಗೋ ಮಗಳೇ. ನೀರು ಬೀಳೋದನ್ನ ಚೆನ್ನಾಗಿ ನೋಡು" ಎಂದಳು. ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಂಟ್ರೋಲರ್ ಕುರ್ಚಿ ಎಳೆದುಕೊಂಡು ಕೂತು, ಟಿಕೆಟ್ ಬದಲಾಯಿಸಲು ಫೋನಿನಲ್ಲಿ ರೈಲುಗಳನ್ನು ಹುಡುಕತೊಡಗಿದರು. ಆಕೆ ಹಿಂದೆ ನಿಂತಿದ್ದಳು.

"ಆ ಬಂದರಿಂದ ವಾಪಸ್ ಹೊರಡೋ ರೈಲು ಎಷ್ಟು ಹೊತ್ತಿಗೆ?" ಎಂದು ಕೇಳಿದಳು.

"ಮಾರನೇ ದಿನ ಸಂಜೆ. ನಾವು ತಲುಪೋದು ರಾತ್ರಿ, ಒಂದಿಡೀ ದಿನ ಸಿಗುತ್ತೆ ನಿಂಗೆ."

"ಬೆಳಿಗ್ಗೆ ಬೇಗ, ಅವಳು ಎದ್ದು ಓಡಾಡೋಕೆ ಮುಂಚೆ, ಯಾವುದೂ ಇಲ್ವಾ?"

ಅವರು ಪರದೆಯ ಮೇಲೆ ಬೆರಳಾಡಿಸಿದರು. "ಇದೆ. ಬೆಳಕು ಹರಿಯೋಕೆ ಮುಂಚೆ ಒಂದಿದೆ."

"ಅದಕ್ಕೇ ಹಾಕಿ."

ಕಂಟ್ರೋಲರ್ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಇಷ್ಟು ದಿನದಲ್ಲಿ ಆಕೆ ಈ ಪ್ರವಾಸದ ಬಗ್ಗೆ ತಾನಾಗಿ ಕೊಟ್ಟ ಮೊದಲ ಸಲಹೆ ಅದು, ಮತ್ತು ಅದು ಅವರಿಗೆ ಹಿಡಿಸಿತು. ಸಂಜೆಯ ರೈಲಿಗಿಂತ ಅದರಲ್ಲಿ ಅರ್ಧ ದಿನ ಉಳಿಯುತ್ತಿತ್ತು.

"ಈಗ ತಿಳೀತು ನೋಡು ನಿಂಗೆ, ಪ್ಲಾನ್ ಮಾಡೋದು ಅಂದ್ರೆ ಏನು ಅಂತ" ಎಂದು ಅವರು ಆ ರೈಲನ್ನೇ ಗುರುತು ಹಾಕಿಕೊಂಡರು. ಆಕೆ ಕಾಫಿಗಿಡಲು ಒಳಗೆ ಹೋದಳು.