ತೆರೆಯದ ಮೂವತ್ತೊಂದು ಲಿಂಕುಗಳು

ಮೊನ್ನೆ ತೆರೆದಿತ್ತಲ್ಲ? ಕಣ್ಣಾರೆ ಕಂಡದ್ದು ಸುಳ್ಳೇ? ಲೈಬ್ರರಿಯ ಆರನೇ ನಂಬರಿನ ಕಂಪ್ಯೂಟರಿನಲ್ಲಿ ಲೇಖನ ಪುಟಪುಟವಾಗಿ ಬಿಚ್ಚಿಕೊಂಡಿತ್ತು. ನಿನ್ನೆ ಸಂಜೆ ಮನೆಯಲ್ಲಿ ಅದೇ ಲಿಂಕನ್ನು ಒತ್ತಿದರೆ ಬಿಳಿ ಪರದೆ, ನಡುವೆ ಒಂದೇ ಸಾಲು: ನಿಮ್ಮ ಅವಧಿ ಮುಗಿದಿದೆ. ಯಾರ ಅವಧಿ? ಯಾವಾಗ ಮುಗಿಯಿತು? ಮುಗಿಸಿದವರು ಯಾರು?

ಹೀಗೆ ತಲೆಯೊಳಗೆ ಜಗಳವಾಡುತ್ತಲೇ ಚಾದರದಣ್ಣ ಬೆಳಗಿನ ನಾಲ್ಕೂವರೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೊದಲ ಗಾಡಿಯನ್ನು ಖಾಲಿ ಮಾಡುತ್ತಾರೆ. ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಡಕ್ಕೆ, ವಾರ್ಡಿನ ಚಾದರ ಬಲಕ್ಕೆ, ಸೋಂಕಿನ ಕೆಂಪು ಚೀಲ ಮುಟ್ಟದೆ ಮೂಲೆಗೆ. ಕಣ್ಣು ನೋಡುವ ಮೊದಲೇ ಕೈ ವಿಂಗಡಿಸಿರುತ್ತದೆ. ಇಪ್ಪತ್ತೆರಡು ವರ್ಷದ ರೂಢಿ. ನಲವತ್ತಾರರ ಈ ಲಾಂಡ್ರಿ ಕೆಲಸಗಾರನನ್ನು ನರ್ಸುಗಳಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರೂ ಕರೆಯುವುದು ಚಾದರದಣ್ಣ ಎಂದೇ. ಮಧ್ಯಾಹ್ನ ಒಂದರ ನಂತರ ಇವರಿಗೆ ಇನ್ನೊಂದು ಹೆಸರಿದೆ. ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಲ್ಲಿ, ಎಂ.ಎ. ಎರಡನೇ ವರ್ಷದ ಹುಡುಗ ಹುಡುಗಿಯರ ನಡುವೆ ಇವರು 'ಅಂಕಲ್'.

ನೆಲಮಾಳಿಗೆಯಲ್ಲಿ ಆರು ಯಂತ್ರಗಳಿವೆ, ಒಂದು ಸದಾ ಕೆಟ್ಟಿರುತ್ತದೆ. ಕೆಲಸಕ್ಕೆ ಹನ್ನೊಂದು ಜನ. ದಿನಕ್ಕೆ ಸಾವಿರದ ನಾನೂರು ಚಾದರ, ಆರುನೂರು ದಿಂಬಿನ ಚೀಲ, ಲೆಕ್ಕವಿಲ್ಲದಷ್ಟು ಟವೆಲು. ಕಲೆ ಹಿಡಿದವನ್ನು ಯಂತ್ರಕ್ಕೆ ಹಾಕುವ ಮೊದಲು ಬ್ಲೀಚಿನ ನೀರಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈಯಿಟ್ಟು ಅದ್ದಬೇಕು. ಕೊಟ್ಟಿರುವ ಕೈಗವಸು ಮಣಿಕಟ್ಟಿನವರೆಗೆ ಮಾತ್ರ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಅಲ್ಲೇ ಕುಳಿತು ಚರ್ಮ ತಿನ್ನುತ್ತದೆ. "ಕೈಗವಸು ಹಾಕಿದ್ರೂ ಉರಿ, ಬಿಟ್ರೂ ಉರಿ. ಹಾಕ್ದಿದ್ರೆ ಒಣಗೋಕಾದ್ರೂ ಜಾಗ ಇರುತ್ತೆ," ಎನ್ನುತ್ತಾರೆ.

ಇವರು ಓದಲು ಹೊರಟದ್ದಕ್ಕೂ ಈ ಕೈಗಳೇ ಕಾರಣ. ಮೂರು ವರ್ಷದ ಹಿಂದೆ ಹನ್ನೊಂದು ಜನರ ಪರವಾಗಿ ಮೊಣಕೈ ಮುಚ್ಚುವ ಕೈಗವಸು ಕೇಳಲು ಸ್ಟೋರ್ಸಿನ ಮುಖ್ಯಸ್ಥರ ಬಳಿ ಹೋಗಿದ್ದರು. ಅವರು ಕಡತದಿಂದ ತಲೆಯೆತ್ತಲಿಲ್ಲ. "ಚಳಿಗೆ ಯಾರ ಕೈ ಆದ್ರೂ ಒಡೆಯುತ್ತೆ. ಬ್ಲೀಚಿಂದ ಅಂತ ಎಲ್ಲಿ ಬರೆದಿದೆ? ತೋರಿಸು ನೋಡೋಣ."

ತೋರಿಸಲು ಏನೂ ಇರಲಿಲ್ಲ. ಹತ್ತನೇ ತರಗತಿಗೆ ಬಿಟ್ಟ ಓದನ್ನು ಅಂಚೆ ಮೂಲಕ ಮುಂದುವರಿಸಿ ಆಗಷ್ಟೇ ಪದವಿ ಮುಗಿಸಿದ್ದರು. ಆ ಮಾತು ಕೇಳಿದ ಮೇಲೆ ಎಂ.ಎ.ಗೆ ಅರ್ಜಿ ಹಾಕಿದರು. ಪ್ರಬಂಧದ ವಿಷಯ ಕೇಳಿದಾಗ ಯೋಚಿಸಲಿಲ್ಲ: ಆಸ್ಪತ್ರೆ ಲಾಂಡ್ರಿ ಕೆಲಸಗಾರರ ಕೈ ಚರ್ಮದ ತೊಂದರೆಗಳು. ಸ್ಟೋರ್ಸಿನ ಮುಖ್ಯಸ್ಥರೂ ನಗುತ್ತಲೇ ಒಪ್ಪಿದ್ದಾರೆ: "ಯೂನಿವರ್ಸಿಟಿ ಒಪ್ಪಿದ ಕಾಗದ ತಾ. ಖರೀದಿ ಕಮಿಟಿ ಮುಂದೆ ಇಡ್ತೀನಿ."

ಕಾಗದ ತರುವುದೆಂದರೆ ಇಂಟರ್ನೆಟ್ಟಿನೊಳಗೆ ಇಳಿಯುವುದು ಎಂದು ಆಗ ಇವರಿಗೆ ಗೊತ್ತಿರಲಿಲ್ಲ.

ಮೊದಲ ದಿನ ಫೋನಿನಲ್ಲಿ 'ಕೈ ಉರಿ ಯಾಕೆ' ಎಂದು ಹುಡುಕಿದರು. ಬಂದದ್ದೆಲ್ಲ ಮುಲಾಮಿನ ಜಾಹೀರಾತು. ಅಲ್ಲಿಂದ ಮೂರು ವಾರ, ಫೋನು ಮುಟ್ಟಿದರೆ ಸಾಕು, ಮುಲಾಮು. ಹೆಂಡತಿ ತಮಾಷೆ ಬಿಡಲಿಲ್ಲ: "ನಿಮ್ಮ ಕೈ ಉರಿ ಲೋಕಕ್ಕೆಲ್ಲ ಗೊತ್ತಾಯ್ತು ಕಣ್ರೀ, ಆ ಸ್ಟೋರ್ಸಿನವರೊಬ್ಬರನ್ನ ಬಿಟ್ಟು."

ಲೈಬ್ರರಿಯ ಬಾಗಿಲಲ್ಲೇ ಇನ್ನೊಂದು ಕಾಟ. ಒಳಗೆ ಹೋಗಲು ಬೆರಳಚ್ಚು ಕೊಡಬೇಕು. ಬ್ಲೀಚು ತಿಂದ ಬೆರಳಿನಲ್ಲಿ ಗೆರೆಗಳೇ ಉಳಿದಿಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ, ಯಾವುದನ್ನಿಟ್ಟರೂ ಯಂತ್ರ ಕೀರಲು ದನಿಯಲ್ಲಿ ಬೇಡವೆನ್ನುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಕೊನೆಗೆ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಹೋಗಿ ಕೂತರೆ, ಕಂಪ್ಯೂಟರು ನೀವು ಮನುಷ್ಯರೆಂದು ಸಾಬೀತು ಮಾಡಿ ಎನ್ನುತ್ತದೆ, ಸೈಕಲ್ಲಿರುವ ಚಿತ್ರಗಳನ್ನೆಲ್ಲ ಒತ್ತಿರಿ ಎನ್ನುತ್ತದೆ. "ಬಾಗಿಲಲ್ಲಿ ಬೆರಳು ಕೊಟ್ರೆ ಒಪ್ಪಲ್ಲ, ಒಳಗೆ ಬಂದ್ರೆ ಸೈಕಲ್ ಎಣಿಸು ಅಂತಾರೆ. ಮನುಷ್ಯ ಅನ್ನಿಸ್ಕೊಳ್ಳೋಕೆ ಇಷ್ಟು ಕಷ್ಟ ಇದೆ ಅಂತ ಗೊತ್ತಿರ್ಲಿಲ್ಲ," ಎಂದು ಅವರು ಹೇಳುವಾಗ ನಗುವುದಿಲ್ಲ.

ಹೀಗೆ ಹೆಣಗಾಡಿ ಐದು ತಿಂಗಳಲ್ಲಿ ಮೂವತ್ತೊಂದು ಲೇಖನ ಕೂಡಿಸಿದ್ದರು. ಎಲ್ಲವೂ ಇಂಗ್ಲಿಷಿನವು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಗಂಟೆಗೆ ಒಂದು ಪುಟ. ಓದಿದ್ದನ್ನು ಬರೆದರು, ಕೊನೆಯಲ್ಲಿ ಮೂವತ್ತೊಂದು ಲಿಂಕುಗಳನ್ನು ಸಾಲಾಗಿ ಜೋಡಿಸಿ, ಪ್ರಬಂಧ ನೋಡಿಕೊಳ್ಳುವ ಪ್ರಾಧ್ಯಾಪಕರಾದ ತಮ್ಮ ಗೈಡಿಗೆ ಕಳುಹಿಸಿದರು. ನಿನ್ನೆ ಸಂಜೆ ಗೈಡಿನ ಉತ್ತರ ಬಂತು. ಬರೆದದ್ದು ಚೆನ್ನಾಗಿದೆ, ಆದರೆ ಒಂದು ಲಿಂಕೂ ತೆರೆಯುತ್ತಿಲ್ಲ. ಆಧಾರ ಕಾಣದೆ ಒಪ್ಪಲಾಗದು. ಸೋಮವಾರದೊಳಗೆ ಸರಿಪಡಿಸಿ, ಇಲ್ಲವಾದರೆ ಮುಂದಿನ ವರ್ಷ ನೋಡೋಣ.

ಮುಂದಿನ ವರ್ಷವೆಂದರೆ ಇನ್ನೊಂದು ವರ್ಷ ಹನ್ನೊಂದು ಜೊತೆ ಕೈಗಳು ಅದೇ ತೊಟ್ಟಿಯಲ್ಲಿ. ಇವತ್ತು ಬುಧವಾರ.

ಕಂಪ್ಯೂಟರು ಕೋಣೆಯನ್ನು ನೋಡಿಕೊಳ್ಳುವ ಲೈಬ್ರರಿ ಸಹಾಯಕಿಗೆ ಮೂವತ್ತರ ಆಸುಪಾಸು. ನಲವತ್ತು ಕಂಪ್ಯೂಟರಿಗೆ ಆಕೆ ಒಬ್ಬಳೇ. ಪ್ರಿಂಟರಿನ ಹೊಟ್ಟೆಯಿಂದ ಸಿಕ್ಕಿಬಿದ್ದ ಕಾಗದ ಎಳೆಯುತ್ತಲೇ ಆಕೆ ಚಾದರದಣ್ಣನ ಪಟ್ಟಿಯ ಮೇಲೆ ಕಣ್ಣಾಡಿಸುತ್ತಾಳೆ. ಎಳೆಯುವುದು ನಿಲ್ಲುತ್ತದೆ.

"ಅಯ್ಯೋ ಯಜಮಾನ್ರೇ! ಮೂವತ್ತೊಂದೂ ಹೀಗೇನಾ?"

"ಹೌದು ಮೇಡಂ."

"ಪರದೆ ಮೇಲ್ತುದೀಲಿರೋ ಅಡ್ರೆಸ್ ಪಟ್ಟಿಯಿಂದ ಹಾಗೇ ಎತ್ತಿ ಅಂಟಿಸಿದ್ದೀರಾ? ಇದು ಲೇಖನದ ವಿಳಾಸ ಅಲ್ಲಾರೀ. ನೀವು ಇಲ್ಲಿ ಕೂತಾಗ ಲೈಬ್ರರಿ ನಿಮಗೆ ಕೊಡೋ ಪಾಸು. ಎದ್ದು ಹೋದ್ರೆ ಪಾಸು ರದ್ದು. ರದ್ದಾದ ಪಾಸನ್ನ ಪ್ರಬಂಧಕ್ಕೆ ಅಂಟಿಸಿದ್ರೆ ಯಾರು ಒಳಗೆ ಬಿಡ್ತಾರೆ? ಯಾರ್ರೀ ನಿಮಗೆ ಹೀಗೆ ಮಾಡಿ ಅಂತ ಹೇಳಿದ್ದು?"

ಕೋಣೆಯ ಹುಡುಗರು ತಿರುಗಿ ನೋಡುತ್ತಾರೆ. ಚಾದರದಣ್ಣ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಾರೆ. "ಯಾರೂ ಇಲ್ಲ ಮೇಡಂ. ಗೊತ್ತಾಗ್ದೆ ನಾನೇ ಮಾಡಿದ್ದು."

"ಐದು ತಿಂಗಳು ಇಲ್ಲೇ ಕೂತಿದ್ರಲ್ಲ, ಒಂದು ಮಾತು ಕೇಳಬಾರದಿತ್ತಾ?"

ಕೇಳಲು ನಿಂತಾಗಲೆಲ್ಲ ಪ್ರಿಂಟರಿನ ಮುಂದೆ ಏಳು ಜನರ ಸಾಲಿತ್ತು. ಅದನ್ನು ಹೇಳಿ ಪ್ರಯೋಜನವಿಲ್ಲ.

ಆಕೆ ಬೈಯುತ್ತಲೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಒಂದು ಲೇಖನವನ್ನು ಮತ್ತೆ ಹುಡುಕಿ ತೆರೆದು, ಮೊದಲ ಪುಟದ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿರುವ ಒಂದು ಸಂಖ್ಯೆಯ ಮೇಲೆ ಬೆರಳಿಡುತ್ತಾಳೆ. "ಇದು ನೋಡಿ. ಪ್ರಕಟ ಆಗೋವಾಗ್ಲೇ ಲೇಖನಕ್ಕೆ ಕೊಡೋ ನಂಬರು. ಅದನ್ನ ಯಾವ ಸೈಟಲ್ಲಿ ಇಟ್ರೂ, ನಾಳೆ ಎಲ್ಲಿಗೆ ಸಾಗಿಸಿದ್ರೂ ನಂಬರು ಬದಲಾಗಲ್ಲ. ಇದನ್ನ ಕೊಟ್ರೆ ಯಾರು ಬೇಕಾದ್ರೂ ಹುಡುಕ್ಕೋಬಹುದು."

ಚಾದರದಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಾರೆ. ಅವರ ನೆಲಮಾಳಿಗೆಗೆ ಬರುವ ಒಂದೊಂದು ಚಾದರದ ಮೂಲೆಯಲ್ಲೂ ಕೆಂಪು ದಾರದಲ್ಲಿ ಹೊಲಿದ ಸಂಖ್ಯೆಯಿದೆ. ಹೆರಿಗೆ ವಾರ್ಡಿನ ಚಾದರ ತಪ್ಪಿ ಮೂಳೆ ವಾರ್ಡಿಗೆ ಹೋದರೂ, ಎಷ್ಟು ಒಗೆದರೂ, ಬಣ್ಣ ಹೋದರೂ, ಆ ಸಂಖ್ಯೆ ಹಿಡಿದು ಅದನ್ನು ಮನೆಗೆ ತಲುಪಿಸುತ್ತಾರೆ.

"ಮೂಲೇಲಿ ಹೊಲಿದಿರೋ ನಂಬರು ಅನ್ನಿ," ಎನ್ನುತ್ತಾರೆ.

"ಏನೋ ಒಂದು ಅನ್ಕೊಳ್ಳಿ. ಶುರು ಮಾಡಿ ಮೊದ್ಲು. ಭಾನುವಾರ ರಜ."

ಬುಧವಾರ ಆರು ಸಿಗುತ್ತವೆ. ಗುರುವಾರ ನಾಲ್ಕೇ, ಏಕೆಂದರೆ ಅರ್ಧ ದಿನ ನೆಟ್ಟೇ ಇಲ್ಲ. ಮರೆತ ಪಾಸ್‌ವರ್ಡು ಬದಲಿಸಲು ಫೋನಿಗೊಂದು ಸಂಖ್ಯೆ ಕಳುಹಿಸಿದ್ದೇವೆ ಎನ್ನುತ್ತದೆ ಕಂಪ್ಯೂಟರು. ಫೋನು ಬಾಗಿಲಲ್ಲಿಟ್ಟ ಚೀಲದೊಳಗಿದೆ. ಓಡಿಹೋಗಿ ತಂದರೆ ಆ ಸಂಖ್ಯೆಯ ಅವಧಿಯೂ ಮುಗಿದಿರುತ್ತದೆ. ಅವತ್ತು ಅವರು ಕೀಬೋರ್ಡನ್ನು ಒಂದು ಪೆಟ್ಟು ಹೊಡೆದದ್ದುಂಟು. ಏನೂ ಆಗಲಿಲ್ಲ, ಒಡೆದ ಬೆರಳ ತುದಿಯಿಂದ ರಕ್ತ ಜಿನುಗಿ ಬಿಳಿ ಗುಂಡಿಯೊಂದರ ಮೇಲೆ ಅಂಟಿತು. ರಕ್ತದ ಕಲೆಗೆ ತಣ್ಣೀರು ಎಂದು ಗೊತ್ತಿರುವ ಮನುಷ್ಯ. ಕರವಸ್ತ್ರ ಒದ್ದೆ ಮಾಡಿ ತಂದು ಒರೆಸಿಯೇ ಮುಂದಿನದನ್ನು ಹುಡುಕಿದರು.

ಹುಡುಕಾಟದಲ್ಲಿ ಇನ್ನೂ ಒಂದು ಹೊರಬಿತ್ತು. ಮೂವತ್ತೊಂದರಲ್ಲಿ ನಾಲ್ಕು ಲೇಖನಗಳೇ ಅಲ್ಲ. ಸಂಶೋಧನೆಯ ವೇಷ ಹಾಕಿದ ಕೈಗವಸಿನ ಜಾಹೀರಾತುಗಳು. ಒಂದರ ಮೇಲಂತೂ ಒಂದಿಡೀ ಪುಟ ಬರೆದಿದ್ದರು, ತಮಗೆ ಬೇಕಾದ ಮಾತನ್ನೇ ಅದು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿತ್ತು. "ಗೈಡಿಗೆ ಗೊತ್ತಾಗಲ್ಲ, ಇರ್ಲಿ ಬಿಡಿ ಅಂಕಲ್," ಎಂದಳು ಪಕ್ಕದ ಕಂಪ್ಯೂಟರಿನ ಸಹಪಾಠಿ. "ಒಂದು ಕಲೆ ಉಳಿದ್ರೂ ಗಂಟು ಪೂರ್ತಿ ವಾಪಸ್ ಬರುತ್ತಮ್ಮಾ," ಎಂದು ಇವರು ಆ ಪುಟ ಅಳಿಸಿದರು.

ಶನಿವಾರ ಬಾಗಿಲು ಹಾಕುವ ಹೊತ್ತಿಗೆ ಇಪ್ಪತ್ತೇಳು. ಮೂರಕ್ಕೆ ಸಂಖ್ಯೆಯೇ ಇಲ್ಲ, ಅಷ್ಟು ಹಳೆಯವು. ಅವಕ್ಕೆ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ ಬರೆಯಬೇಕೆಂದು ಸಹಾಯಕಿ ತೋರಿಸಿಕೊಟ್ಟಳು. ದೀಪ ಆರಿಸಲು ಬಂದವಳು ಮತ್ತೆ ಕೂತು ಪಟ್ಟಿ ಪೂರ್ತಿ ತಾಳೆ ನೋಡಿದಳು. "ಈಗ ಸರಿ ಇದೆ. ಹೋಗಿ ಮಾರಾಯ್ರೇ, ನನಗೂ ಮನೆಯಿದೆ," ಎಂದಳು.

ಸೋಮವಾರ ಗೈಡು ಇವರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದನ್ನೇ ಒತ್ತಿದರು. ಸಂಖ್ಯೆಯಿದ್ದ ಇಪ್ಪತ್ತನಾಲ್ಕೂ ತೆರೆದವು. ಉಳಿದ ಮೂರನ್ನು ಅವರೇ ಲೈಬ್ರರಿಯ ಹಳೆ ಸಂಪುಟಗಳ ಕಪಾಟಿನಿಂದ ತೆಗೆಸಿ ನೋಡಿ, ಸಹಿ ಹಾಕಿದರು.

ಸಹಿಯಾದ ಕಾಗದ ಸ್ಟೋರ್ಸಿಗೆ ಹೋಯಿತು. ಎಲ್ಲಿ ಬರೆದಿದೆ ಎಂದು ಈ ಸಲ ಮುಖ್ಯಸ್ಥರು ಕೇಳಲಿಲ್ಲ. ಎರಡು ತಿಂಗಳ ಮೇಲೆ ಕಮಿಟಿ ಮಂಜೂರು ಮಾಡಿ ಕಳುಹಿಸಿದ್ದು ನಾಲ್ಕು ಜೊತೆ ಉದ್ದ ಕೈಗವಸು. ಕೆಲಸಕ್ಕೆ ಇರುವವರು ಹನ್ನೊಂದು ಜನ! ಮೊದಲು ಸೋಂಕಿನ ತೊಟ್ಟಿಯವರಿಗೆ, ಮಿಕ್ಕವರಿಗೆ ಮುಂದೆ ನೋಡೋಣ ಎಂಬ ಟಿಪ್ಪಣಿ ಜೊತೆಗಿತ್ತು. ಚಾದರದಣ್ಣ ಇನ್ನೂ ಮಣಿಕಟ್ಟಿನ ಕೈಗವಸಿನಲ್ಲೇ ಇದ್ದಾರೆ. "ಏಳು ಜೊತೆ ಬರ್ಬೇಕು, ಅಷ್ಟೇ. ಬೇರೇನೂ ಕೇಳಿಲ್ಲ ನಾನು," ಎನ್ನುತ್ತಾರೆ. ಆ ಏಳಕ್ಕೆ ಇನ್ನೊಂದು ಅರ್ಜಿ ಬರೆದಿದ್ದಾರೆ, ಅಡಿಯಲ್ಲಿ ಇಪ್ಪತ್ತೇಳು ಆಧಾರಗಳನ್ನೂ ಮತ್ತೆ ಸೇರಿಸಿ.

ಅದರ ಪ್ರತಿ ತೆಗೆಸಲು ಮೊನ್ನೆ ಲೈಬ್ರರಿಗೆ ಹೋದಾಗ ಹೊಸ ವಿದ್ಯಾರ್ಥಿಗಳಿಗೆ ತರಬೇತಿ ನಡೆಯುತ್ತಿತ್ತು. ಸಹಾಯಕಿ ಬೋರ್ಡಿನ ಮುಂದೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಳು: "ಮೇಲಿರೋ ಪಟ್ಟಿಯಿಂದ ಲಿಂಕ್ ಎತ್ತಬೇಡಿ! ಕೈ ಮುಗೀತೀನಿ. ಹೋದ ಸಲ ಒಬ್ಬರು ಯಜಮಾನ್ರು ಮೂವತ್ತೊಂದು ಎತ್ತಿದ್ರು. ಓ, ಅಲ್ಲೇ ಇದ್ದಾರೆ ನೋಡಿ. ಕೇಳಿ ಬೇಕಾದ್ರೆ." ಮೂವತ್ತು ತಲೆಗಳು ತಿರುಗಿದವು. ಚಾದರದಣ್ಣ ಕೈಯೆತ್ತಿ, "ಹೌದಪ್ಪಾ, ಆ ಮಹಾನುಭಾವ ನಾನೇ," ಎಂದರು. ಕೋಣೆ ನಕ್ಕಿತು, ಅವರೂ ನಕ್ಕರು.

ಕಳೆದ ವರ್ಷ ಇದೇ ತರಬೇತಿಯಲ್ಲಿ, ಇದೇ ಬೋರ್ಡಿನ ಮುಂದೆ ನಿಂತು, ಮೇಲಿನ ಪಟ್ಟಿಯಲ್ಲಿರುವ ಸಾಲನ್ನು ಹಾಗೇ ಎತ್ತಿ ಅಂಟಿಸಿದರೆ ಸಾಕು ಎಂದು ಹೇಳಿಕೊಟ್ಟವಳು ಆಕೆಯೇ. ಚಾದರದಣ್ಣ ಅದನ್ನು ತಾರೀಖಿನ ಸಮೇತ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆಕೆಗೆ ಅದನ್ನು ಅವರು ಯಾವತ್ತೂ ಹೇಳಲಿಲ್ಲ.