ಕಾಶ್ಮೀರಕ್ಕೆ ಹೊರಟ ಜೀಪು

ಇವತ್ತು ಅಂಕೋಲಾ ಪೇಟೆಯಲ್ಲಿ ಕಾರಿಗೆ ಹೊಸ ಸೀಟ್ ಕವರ್ ಹಾಕಿಸುತ್ತ ನಿಂತಿದ್ದಾಗ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಕಾರವಾರದ ಕೋಡಿಬಾಗದ ನಮ್ಮ ಮನೆಯಂಗಳದಲ್ಲಿ ನಿಂತಿರುತ್ತಿದ್ದ ಅಪ್ಪನ ಹಳೇ ಜೀಪಿನೊಳಗೂ ಇದೇ ವಾಸನೆ.

ಅಮ್ಮನನ್ನು ನಾವು ಆಯಿ ಎನ್ನುತ್ತಿದ್ದೆವು. ಹಿಮ ನೋಡಬೇಕೆಂಬುದು ಅವಳ ಆಸೆ. ಅದಕ್ಕೇ ಅಪ್ಪ ಆ ಜೀಪು ಕೊಂಡು ಸೀಟು ಹೊಲಿಸಿದ್ದರು. ಸಂಜೆ ಜಗಲಿಯಲ್ಲಿ ಭಾರತದ ನಕ್ಷೆ ಹಾಸುತ್ತಿದ್ದರು. ಆಯಿ ಮೀನು ಕೊಯ್ದ ಕೈಯನ್ನು ತೊಳೆದು, ಸೆರಗಿಗೆ ಒರೆಸಿಕೊಂಡು, ಕಾರವಾರದಿಂದ ಕಾಶ್ಮೀರದವರೆಗೆ ಬೆರಳು ಎಳೆಯುತ್ತಿದ್ದಳು.

"ಅಲ್ಲಿ ಕುಚ್ಚಲಕ್ಕಿ ಸಿಕ್ತದೇನ್ರಿ?"

"ಎಲ್ಲಿಂದ ಸಿಕ್ತದೆ? ನೀನೇ ಒಂದ್ ಚೀಲ ಕಟ್ಕೊ," ಎಂದು ಅಪ್ಪ ನಗುತ್ತಿದ್ದರು.

ಆ ಮಳೆಗಾಲದಲ್ಲಿ ಆಯಿ ಜ್ವರ ಬಂದು ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ಅಕ್ಕನನ್ನೂ ನನ್ನನ್ನೂ ಜೀಪಿಗೆ ಹತ್ತಿಸಿ, "ಕಾಶ್ಮೀರಕ್ಕೆ ಹೋಗುವ" ಎಂದರು. ನಾವಿಬ್ಬರೂ ಹಿಂದೆಯೇ ಕೂತೆವು. ಅಂಕೋಲಾ ದಾಟಿ ಯಲ್ಲಾಪುರದ ದಾರಿ ಹಿಡಿದೆವು. ರಾಮನಗುಳಿಯಲ್ಲಿ ಅಪ್ಪ ಜೀಪು ನಿಲ್ಲಿಸಿ ಚಾ ಕೊಡಿಸಿದರು.

"ಅಪ್ಪ, ನಿಂಗೆ ಹೋಗ್ಬೇಕು ಅನ್ಸ್ತದ್ಯಾ?" ಅಕ್ಕ ಕೇಳಿದಳು.

"ಇಲ್ಲ ಮಗಾ. ನಂಗೆ ಏನೂ ಅನ್ಸೂದೇ ಇಲ್ಲ."

"ನಂಗೂ ಇಲ್ಲ."

ನಾನು ಬಿಸ್ಕೀಟು ತಿನ್ನುತ್ತಿದ್ದೆ. ನನಗೂ ಅಳು ಬರಲಿಲ್ಲ. ಚಾ ಕುಡಿದು ಮನೆಗೆ ತಿರುಗಿದೆವು. ಆಮೇಲೆ ಅಪ್ಪ ಅದೇ ಜೀಪಿನಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದರು.

ಈಗ ನನ್ನ ಮಗಳು ನಾವೆಲ್ಲ ಕಾಶ್ಮೀರಕ್ಕೆ ಕಾರಿನಲ್ಲೇ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಯಲ್ಲಾಪುರದ ಮೇಲೆ ಹೋಗುವುದೋ, ಗೋವಾದ ಮೇಲೋ ಎಂದು ಫೋನ್ ಮಾಡಿ ಕೇಳಿದಳು. ಗೋವಾ ಎಂದೆ. ಆ ದಾರಿಯಲ್ಲಿ ರಾಮನಗುಳಿ ಸಿಗುವುದಿಲ್ಲ.