ಬ್ರೇಕಕ್ಕನ ಎರಡನೇ ವಿಷಯ

ಊರಿಗೆಲ್ಲ ಕಾರು ಕಲಿಸಿದ ನಮ್ಮಕ್ಕನಿಗೆ ಬ್ರೇಕಕ್ಕ ಅಂತ ಹೆಸರು ಬಿದ್ದು ಬಹಳ ಕಾಲವಾಯಿತು. ಕಲಿಸುವ ಕಾರಿನಲ್ಲಿ ಗುರುವಿನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಚಾಳಿ ಅವಳಿಗೆ ಎಷ್ಟು ಅಂಟಿಕೊಂಡಿದೆಯೆಂದರೆ ಸೋಫಾದಲ್ಲಿ ಕೂತು ಟೀವಿ ನೋಡುವಾಗಲೂ ಬಲಗಾಲು ನೆಲ ಒತ್ತುತ್ತಿರುತ್ತದೆ. ಬೇರೆ ಡ್ರೈವಿಂಗ್ ಶಾಲೆಯವರು ಕೈಚೆಲ್ಲಿದವರು, ಸ್ಟೇರಿಂಗ್ ಮುಟ್ಟಿದರೆ ಬೆವರುವವರು, ಎಲ್ಲರೂ ಕೊನೆಗೆ ಬರುವುದು ಇವಳ ಹತ್ತಿರ.

ಅವಳದೊಂದು ಪದ್ಧತಿ ಇದೆ. ಲೈಸೆನ್ಸ್ ಪರೀಕ್ಷೆಗೆ ಕಳಿಸುವ ಮೊದಲು ಖಾಲಿ ಮೈದಾನದಲ್ಲಿ ಸೀಟು ಅದಲುಬದಲು ಮಾಡುತ್ತಾಳೆ. ಕಲಿಯುವವರು ಗುರುವಿನ ಸೀಟಿನಲ್ಲಿ, ಇವಳು ಸ್ಟೇರಿಂಗ್ ಹಿಂದೆ. ಬೇಕಂತಲೇ ತಪ್ಪು ತಪ್ಪಾಗಿ ಓಡಿಸುತ್ತಾಳೆ. ತಪ್ಪು ಹಿಡಿದವರು ಪರೀಕ್ಷೆಗೆ ಹೋಗಬಹುದು. ಹಿಡಿಯದವರಿಗೆ ಒಂದೇ ಮಾತು, "ಇನ್ನೂ ಆಗಿಲ್ಲ." ಒಡಹುಟ್ಟಿದವಳು ಅಂತ ನನ್ನನ್ನಾದರೂ ಬಿಟ್ಟಳೇ? ಆ ಮಾತು ಈಗ ಬೇಡ, ನೆನೆದರೆ ಮೈ ಉರಿಯುತ್ತದೆ.

ಇಂಥವಳು ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜು ಸೇರುತ್ತೇನೆ ಅಂದಳು. ಪದವಿ ಮುಗಿಸಿ ಶಾಲೆಯಲ್ಲಿ ಟೀಚರ್ ಆಗಬೇಕಂತೆ. ಅದೇ ಕಾಲೇಜಿನಲ್ಲಿ ಹಗಲು ಓದುವ ಮಗಳು "ಅಮ್ಮ, ನಾನು ನಿನ್ನ ಸೀನಿಯರ್, ಎದ್ದು ನಿಂತು ಮಾತಾಡು" ಅಂತ ಗೋಳು ಹುಯ್ದುಕೊಂಡಳು. ಸೀಟು ಸಿಗಬೇಕಾದರೆ ಎರಡು ವಿಷಯಗಳಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು, ಯಾವ ಎರಡು ಅನ್ನುವುದು ಬರೆಯುವವರ ಇಷ್ಟ, ಸೇರಿದ ಮೇಲೆ ಬೇರೆ ವಿಷಯವನ್ನೂ ಓದಬಹುದು. ಆದರೆ ವಯಸ್ಸಿಗೊಂದು ಮಿತಿ ಇತ್ತು. ಈ ಸಲ ತಪ್ಪಿದರೆ ಅಕ್ಕನಿಗೆ ಇನ್ನೊಂದು ಸಲ ಇರಲಿಲ್ಲ.

ಒಂದು ವಿಷಯ ಭಾಷೆ, ಅದರಲ್ಲಿ ತಕರಾರಿಲ್ಲ. ಎರಡನೆಯದು ಭೌತಶಾಸ್ತ್ರ ಅಂದಳು ಅಕ್ಕ.

"ಯಾಕಮ್ಮ ಅದೇ ಬೇಕು?" ಅಂದಳು ಮಗಳು.

"ದಿನಾ ಕಾರು ಓಡಿಸೋಳಿಗೆ ವೇಗ, ಘರ್ಷಣೆ ಗೊತ್ತಿಲ್ವಾ? ಅಲ್ಲದೆ ಶಾಲೇಲಿ ಅದನ್ನ ಓದೋಕೆ ನನ್ನ ಬಿಡಲೇ ಇಲ್ಲ. ಆಸೆ ಕಣೇ."

ಮಗಳು ತನ್ನ ಹಳೇ ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿ ನೋಡಿದಳು. ವೇಗವಾಗಿ ಬರುತ್ತಿದ್ದ ಕಾರಿಗೆ ಮಗು ಅಡ್ಡ ಬಂತು, ಬ್ರೇಕ್ ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅಂತ ಪ್ರಶ್ನೆ. ನಾಲ್ಕು ಉತ್ತರಗಳಲ್ಲಿ ಒಂದನ್ನೂ ಗುರುತಿಸದೆ ಅಕ್ಕ ಪಕ್ಕದಲ್ಲಿ ಬರೆದಿದ್ದಳು: "ಮನೆಗಳಿರೋ ರಸ್ತೇಲಿ ಇಷ್ಟು ವೇಗವಾ? ಇವನಿಗೆ ಲೈಸೆನ್ಸ್ ಕೊಟ್ಟವರು ಯಾರು?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಉಳಿದ ಉತ್ತರಗಳನ್ನು ನೋಡಿದ ಮೇಲೆ ನಗು ನಿಂತಿತು. ಮುಕ್ಕಾಲು ಪಾಲು ತಪ್ಪು.

ಬೇಡ ಅಂತ ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟಬೇಕಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು. ಕೊನೆಗೆ ಅವಳೇ ಮಗಳಿಗೆ ದಾರಿ ತೋರಿಸಿದಳು. "ಸೀಟು ಅದಲುಬದಲು ಮಾಡೋಣ. ನೀನು ಪಾಠ ಹೇಳು, ಮಧ್ಯೆ ಮಧ್ಯೆ ತಪ್ಪು ಹೇಳು. ನಾನು ಹಿಡೀತೀನಿ."

ಊಟದ ಮೇಜಿನ ಮುಂದೆ ಕೂತೆವು. ಒಂದೇ ಎತ್ತರದಿಂದ ಎರಡು ಕಲ್ಲು ಬಿಟ್ಟರೆ ಭಾರದ ಕಲ್ಲೇ ಬೇಗ ಬೀಳುತ್ತದೆ ಅಂದಳು ಮಗಳು. ಅಕ್ಕ ತಲೆಯಾಡಿಸಿದಳು. ನಾನೂ ಆಡಿಸಿದೆ. ಮಗಳು ನನ್ನನ್ನು ನೋಡಿದ ರೀತಿಯಲ್ಲೇ ಅದು ತಪ್ಪು ಅಂತ ಗೊತ್ತಾಯಿತು. ಇನ್ನೆರಡು ತಪ್ಪುಗಳೂ ಅಕ್ಕನ ಮುಂದೆ ಹಾಗೇ ಹಾದುಹೋದವು.

"ಬೆಳಕಿಗಿಂತ ಶಬ್ದಕ್ಕೆ ವೇಗ ಜಾಸ್ತಿ," ಅಂದಳು ಮಗಳು.

"ನಿಲ್ಲಿಸು! ಮಿಂಚು ಮೊದಲು, ಗುಡುಗು ಆಮೇಲೆ!" ಅಕ್ಕನ ಮುಖ ಅರಳಿತು.

"ಮಂಜುಗಡ್ಡೆ ನೀರಿಗೆ ಹಾಕಿದ್ರೆ ಮುಳುಗುತ್ತೆ."

ಅಕ್ಕ ಈ ಸಲ ಕೂಗಲಿಲ್ಲ. ಮಗಳನ್ನೇ ನೋಡಿದಳು. "ಲೇ ಮರಿ, ಚಿಕ್ಕ ಮಕ್ಕಳಿಗೂ ಗೊತ್ತಿರೋದನ್ನೇ ಹೇಳಿ ನನ್ನ ಮೇಲೆ ಕನಿಕರ ತೋರಿಸ್ತಿದ್ದೀಯಾ?"

ಮಗಳ ಕಣ್ಣಲ್ಲಿ ನೀರು ಬಂತು. "ನಿನಗೆ ಅಷ್ಟೊಂದು ಆಸೆ ಇದೆಯಲ್ಲಮ್ಮ..."

"ನಾನು ಯಾರಿಗಾದರೂ ಹೀಗೆ ಮಾಡಿದೀನಾ? ಹೇಳು, ನನಗೆ ಹೇಳಬೇಕಾದ ಮಾತನ್ನ ಬಾಯಿ ಬಿಟ್ಟು ಹೇಳು."

"ಇನ್ನೂ ಆಗಿಲ್ಲಮ್ಮ," ಅಂದಳು ಮಗಳು.

ಅಕ್ಕನಿಗೆ ನೋವಾಯಿತು, ಅದನ್ನವಳು ಮುಚ್ಚಿಡಲೂ ಇಲ್ಲ. ಎದ್ದು ಹೋಗಿ ಟೀಗೆ ನೀರಿಟ್ಟಳು. ಮಾತು ಬದಲಿಸಲೆಂದು ನಾನು ಬಾಯಿಗೆ ಬಂದದ್ದು ಹೇಳಿದೆ, "ರೈಲು ಶುರುವಾದ ಮೇಲಲ್ವಾ ಪುಸ್ತಕ ಅಚ್ಚು ಹಾಕೋದು ಬಂದಿದ್ದು?"

"ಏನೇ ನೀನು!" ಒಳಗಿಂದಲೇ ಗದರಿದಳು. "ಅಚ್ಚಿನ ಯಂತ್ರ ಬಂದು ಮುನ್ನೂರೈವತ್ತು ವರ್ಷ ಆದಮೇಲೆ ರೈಲು ಬಂದಿದ್ದು." ಅಷ್ಟಕ್ಕೇ ಬಿಡಲಿಲ್ಲ. ಟೀ ಉಕ್ಕಿ ಒಲೆ ಒದ್ದೆಯಾಗುವವರೆಗೂ ಯಾರು ಯಾವಾಗ ಏನು ಮಾಡಿದರು ಅಂತ ಹೇಳುತ್ತಲೇ ಇದ್ದಳು. ತಡವಾಗಿ ಬರುವ ಶಿಷ್ಯರಿಗಾಗಿ ಕಾರಿನಲ್ಲಿ ಕಾಯುತ್ತಾ ಅವಳು ಇಷ್ಟು ವರ್ಷ ಓದಿದ್ದೆಲ್ಲ ಲೈಬ್ರರಿಯ ಇತಿಹಾಸದ ಪುಸ್ತಕಗಳು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾವು ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವಳೂ ಇಟ್ಟಿರಲಿಲ್ಲ.

ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು. ಅಕ್ಕ ಒಲೆ ಒರೆಸುತ್ತಾ ನಿಂತಿದ್ದವಳು ತಿರುಗಿದಳು. "ಗೊತ್ತಾಯ್ತು, ಹಲ್ಲು ಕಿರಿಯಬೇಡಿ. ಅರ್ಜೀಲಿ ಇತಿಹಾಸ ಅಂತಲೇ ಹಾಕು. ಗೊತ್ತಿರೋದನ್ನ ಬಾಗಿಲಲ್ಲಿ ತೋರಿಸಿ ಒಳಗೆ ಹೋಗ್ತೀನಿ. ಗೊತ್ತಿಲ್ಲದ್ದನ್ನ ಕಲಿಸೋಕೆ ತಾನೇ ಒಳಗೆ ಮೇಷ್ಟ್ರು ಇರೋದು?"

ಸೀಟು ಸಿಕ್ಕಿತು. ಭೌತಶಾಸ್ತ್ರವನ್ನೇ ಪಾಠಕ್ಕೆ ತೆಗೆದುಕೊಂಡಳು. ಮೊದಲ ದಿನ ಮಗಳೂ ನಾನೂ ಮಗುವನ್ನು ಶಾಲೆಗೆ ಬಿಡುವವರ ಹಾಗೆ ಜೊತೆಗೆ ಹೋದೆವು, ಕಿಟಕಿಯಿಂದ ಕದ್ದು ನೋಡಿದೆವು. ಅಕ್ಕನಿಗಿಂತ ಚಿಕ್ಕ ವಯಸ್ಸಿನ ಮೇಷ್ಟ್ರು ಬೋರ್ಡು ತುಂಬ ಬರೆದು "ಎಲ್ಲರಿಗೂ ಅರ್ಥ ಆಯ್ತಾ?" ಅಂದರು. ತರಗತಿಗೆ ತರಗತಿಯೇ ತಲೆಯಾಡಿಸಿತು.

ಮುಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ನನಗೆ ಆಗಿಲ್ಲ ಸರ್. ಇನ್ನೊಂದು ಸಲ ಹೇಳಿ."

ಹಿಂದಿನಿಂದ ಯಾರೋ "ನನಗೂ ಸರ್" ಅಂದರು. ಆಮೇಲೆ ಇನ್ನೊಬ್ಬರು. ಮೇಷ್ಟ್ರು ನಕ್ಕು ಬೋರ್ಡು ಒರೆಸಿ ಮೊದಲಿನಿಂದ ಶುರು ಮಾಡಿದರು. ಮಗಳು ನನ್ನ ಕೈ ಜಗ್ಗಿ "ಬಾ ಚಿಕ್ಕಮ್ಮ, ಹೋಗೋಣ" ಅಂದಳು.